ಯಾರ ತಪ್ಪೂ ಅಲ್ಲ

ನಮ್ಮ ಕಡೆ ಹಸು ದಿನ ತುಂಬುವ ಮೊದಲೇ ಕರು ಹಾಕಿದರೆ ಅದಕ್ಕೊಂದು ಮಾತಿದೆ. ‘ಕಂದು ಹಾಕಿತು’ ಎನ್ನುತ್ತಾರೆ. ಬೆಳಗ್ಗೆ ಮಾವಿನ ಮರದಡಿ ಉದುರಿ ಬಿದ್ದಿರುವ ಬಟಾಣಿ ಗಾತ್ರದ ಕಾಯಿಗೂ ಹೆಸರಿದೆ, ಹೀಚು ಅಂತ. ಆದರೆ ಹೆಂಗಸಿನ ಬಸಿರು ಮೂರನೆಯ ತಿಂಗಳಲ್ಲೋ ನಾಲ್ಕನೆಯ ತಿಂಗಳಲ್ಲೋ ಜಾರಿಹೋದರೆ ನಾವು ಬಾಯಿಬಿಟ್ಟು ಹೆಸರು ಹೇಳುವುದಿಲ್ಲ. ‘ನಿಲ್ಲಲಿಲ್ಲವಂತೆ’ ಎಂದು ದನಿ ತಗ್ಗಿಸುತ್ತೇವೆ. ಏನು ನಿಲ್ಲಲಿಲ್ಲ, ಯಾರು ನಿಲ್ಲಲಿಲ್ಲ ಎಂಬುದು ಆ ವಾಕ್ಯದಲ್ಲಿಲ್ಲ. ಓದಿದವರು ‘ಅಬಾರ್ಷನ್ ಆಯ್ತಂತೆ’ ಎನ್ನುತ್ತಾರೆ. ತಾನಾಗಿ ಆದದ್ದಕ್ಕೂ ಅದೇ ಮಾತು, ಬೇಡವೆಂದು ತೆಗೆಸಿಕೊಂಡದ್ದಕ್ಕೂ ಅದೇ ಮಾತು. ಹಾಗಾಗಿ ಕೇಳಿದವರ ಹುಬ್ಬು ಒಂದಿಷ್ಟು ಮೇಲೇರುತ್ತದೆ.

ಹಿಂದಿನವರು ಇದಕ್ಕಿಂತ ಬಿಡಿಸಿ ಮಾತಾಡಿದ್ದರು. ಸುಶ್ರುತ ಸಂಹಿತೆಯಲ್ಲಿ ನಾಲ್ಕನೆಯ ತಿಂಗಳವರೆಗೆ ಆಗುವುದನ್ನು ಸ್ರಾವವೆಂದೂ, ಐದು ಆರನೆಯ ತಿಂಗಳಲ್ಲಿ ಆಗುವುದನ್ನು ಪಾತವೆಂದೂ ಬೇರೆ ಬೇರೆ ಕರೆದಿದ್ದಾರೆ. ಹುಳು ಬಿದ್ದೋ ಗಾಳಿಗೋ ಪೆಟ್ಟಿಗೋ ಕಾಯಿ ಅಕಾಲದಲ್ಲಿ ತೊಟ್ಟು ಕಳಚಿಕೊಳ್ಳುವ ಹೋಲಿಕೆಯೂ ಅಲ್ಲಿದೆ. ಕಾಯಿ ಉದುರಿದರೆ ಮರವನ್ನು ಯಾರೂ ಬಯ್ಯುವುದಿಲ್ಲ. ಹೆಂಗಸಿನ ವಿಷಯಕ್ಕೆ ಬಂದಾಗ ಮಾತ್ರ ‘ನಿಲ್ಲಲಿಲ್ಲವಂತೆ’ ಎಂಬುದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಅಯ್ಯೋ, ಏನ್ ಮಾಡ್ಕೊಂಡ್ಲಂತೆ?’

ಈ ಪ್ರಶ್ನೆಯ ಬಗ್ಗೆಯೇ ನಾನು ಬರೆಯಬೇಕೆಂದಿರುವುದು. ಕೇಳುವವರಲ್ಲಿ ಕೆಟ್ಟ ಮನಸ್ಸು ಇರುವುದು ಅಪರೂಪ. ಬಹಳ ಸಲ ಕಣ್ಣಲ್ಲಿ ನೀರು ತಂದುಕೊಂಡೇ ಕೇಳುತ್ತಾರೆ. ಆದರೂ ಅದು ಮೈಗೆ ಹತ್ತಿದ ಮುಳ್ಳಿನಂತೆ ವರ್ಷಗಟ್ಟಲೆ ಒಳಗೇ ಉಳಿದುಬಿಡುತ್ತದೆ.

ನಾನಿರುವುದು ದೊಡ್ಡಬಳ್ಳಾಪುರದಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಈ ಊರಿನ ಮಗ್ಗದ ಸದ್ದಿಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತದೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಮದುವೆಯಾದ ಎರಡನೆಯ ವರ್ಷ, ಶ್ರಾವಣ ಮಾಸ. ನನಗೆ ಹನ್ನೊಂದು ವಾರ. ಬೆಳಗ್ಗೆ ಒಂದು ಕಲೆ ಕಂಡಿತು, ಸಂಜೆಗೆ ಸೊಂಟ ಸೆಳೆಯತೊಡಗಿತು. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರಮ್ಮ ಏನೂ ಹೇಳದೆ ಪರದೆಯನ್ನು ತುಸು ತಮ್ಮ ಕಡೆಗೆ ತಿರುಗಿಸಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿಹೋಯಿತು.

‘ಬೆಳವಣಿಗೆ ಎಂಟನೇ ವಾರಕ್ಕೇ ನಿಂತುಬಿಟ್ಟಿದೆ ಕಣಮ್ಮ. ನಿನ್ನಿಂದ ಏನೂ ಆಗಿಲ್ಲ’ ಎಂದರು.

ಆ ಮಾತಿನ ಬೆಲೆ ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ನೋಡಲು ಬಂದವರೆಲ್ಲ ಒಂದೊಂದು ಕಾರಣ ಹುಡುಕಿಕೊಂಡೇ ಬಂದಿದ್ದರು. ‘ಭಾರ ಎತ್ತಿದ್ಯೇನಮ್ಮ?’ ‘ಪರಂಗಿ ಹಣ್ಣು ತಿಂದ್ಯಾ?’ ‘ಸ್ಕೂಟರಲ್ಲಿ ಹೋಗ್ಬೇಡ ಅಂತ ಹೇಳಿರ್ಲಿಲ್ವಾ?’ ‘ಮೂರು ತಿಂಗಳು ತುಂಬೋ ಮೊದ್ಲೇ ಯಾರಿಗಾದ್ರೂ ಬಾಯಿ ಬಿಟ್ಯಾ? ಕಣ್ಣು ಬಿದ್ದಿರುತ್ತೆ.’ ಒಬ್ಬರು ಮೆಟ್ಟಿಲು ಎಣಿಸಿದರು, ಇನ್ನೊಬ್ಬರು ಗ್ರಹಣದ ದಿನ ಲೆಕ್ಕ ಹಾಕಿದರು. ನಾನು ಮಲಗಿದ್ದಲ್ಲೇ ಒಂದು ಸರಳ ಲೆಕ್ಕ ಮಾಡಿದೆ. ಅವರು ಹೇಳುತ್ತಿದ್ದ ಸ್ಕೂಟರ್ ಪ್ರಯಾಣ ಹಿಂದಿನ ವಾರದ್ದು. ಪರಂಗಿ ಹಣ್ಣು ಅದಕ್ಕೂ ಎರಡು ದಿನ ಮುಂಚಿನದು. ಒಳಗೆ ಜೀವ ನಿಂತದ್ದು ಮೂರು ವಾರದ ಹಿಂದೆ. ದೀಪ ಆರಿದ ಮೇಲೆ ಬೀಸಿದ ಗಾಳಿಯನ್ನು ಎಲ್ಲರೂ ದೂರುತ್ತಿದ್ದರು.

ನನಗೆ ಆ ಲೆಕ್ಕವಾದರೂ ಇತ್ತು. ಎಷ್ಟು ಜನ ಹೆಂಗಸರಿಗೆ ಅದೂ ಇರುವುದಿಲ್ಲ! ರಕ್ತ ಕಂಡ ದಿನವೇ ಜೀವ ಹೋದ ದಿನವೆಂದು ತಿಳಿದು, ಅದರ ಹಿಂದಿನ ದಿನ ತಾವು ಎತ್ತಿದ ಕೊಡವನ್ನು ಜೀವಮಾನವೆಲ್ಲ ಎತ್ತುತ್ತಲೇ ಇರುತ್ತಾರೆ.

ವೈದ್ಯಶಾಸ್ತ್ರ ಈ ವಿಷಯದಲ್ಲಿ ಹೇಳುವುದನ್ನು ಸರಳವಾಗಿ ಹೇಳಿಬಿಡುತ್ತೇನೆ. ಬಸಿರೆಂದು ಖಚಿತವಾದ ನೂರು ಹೆಂಗಸರಲ್ಲಿ ಸುಮಾರು ಹದಿನೈದು ಮಂದಿಗೆ ಅದು ಉಳಿಯುವುದಿಲ್ಲ. 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಗರ್ಭಸ್ರಾವಗಳು, ಅಂದರೆ ನಿಮಿಷಕ್ಕೆ 44. ಬಹುಪಾಲು ಮೊದಲ ಹನ್ನೆರಡು ವಾರದೊಳಗೆ ಆಗುವಂಥವು. ಹಾಗೆ ಮೊದಲಲ್ಲೇ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ, ಕೆಲವರ ಲೆಕ್ಕದಲ್ಲಿ ಅದಕ್ಕೂ ಹೆಚ್ಚಿನದಕ್ಕೆ, ಕಾರಣ ವರ್ಣತಂತುಗಳ ಎಣಿಕೆ ತಪ್ಪಿರುವುದು. ತಾಯಿಯಿಂದ 23, ತಂದೆಯಿಂದ 23 ಸೇರಿ 46 ಆಗಬೇಕು. ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ ಒಂದು ಹೆಚ್ಚಾಗುತ್ತದೆ ಅಥವಾ ಒಂದು ಕಡಿಮೆಯಾಗುತ್ತದೆ. ನಮ್ಮೂರಿನ ನೇಕಾರರಿಗೆ ಇದನ್ನು ವಿವರಿಸುವುದು ಸುಲಭ. ಹಾಸಿನಲ್ಲೇ ಎಳೆ ತಪ್ಪಿದ್ದರೆ ಹೊಕ್ಕು ಹಾಕುವವಳು ಎಷ್ಟು ಜೋಪಾನ ಮಾಡಿದರೇನು, ಸೀರೆ ಮುಂದೆ ಸಾಗುವುದಿಲ್ಲ.

ಭಾರ ಎತ್ತಿದ್ದು, ಬಸ್ಸಿನಲ್ಲಿ ಕುಲುಕಿದ್ದು, ಗಂಡನೊಡನೆ ಜಗಳವಾಡಿದ್ದು, ಒಂದು ದಿನ ಹೆದರಿದ್ದು, ಗಂಡ ಹೆಂಡತಿ ಕೂಡಿದ್ದು, ಇಂಥ ದಿನನಿತ್ಯದ ಸಂಗತಿಗಳಿಂದ ಆರೋಗ್ಯವಾದ ಬಸಿರು ಬಿದ್ದುಹೋಗುವುದಿಲ್ಲ. ಹೆಂಗಸಿನ ವಯಸ್ಸು ಮೂವತ್ತೈದು ದಾಟಿದಂತೆ ಅಪಾಯ ಏರುತ್ತದೆ. ಗಂಡಸಿನ ವಯಸ್ಸು ನಲವತ್ತು ದಾಟಿದರೂ ಏರುತ್ತದೆ, ಅದನ್ನು ಮಾತ್ರ ಯಾರೂ ಆಡುವುದಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಬೀಡಿ ಸಿಗರೇಟಿನ ಹೊಗೆ, ಮದ್ಯ ಇವೂ ಕಾರಣಗಳಾಗಬಹುದು. ಇವೆಲ್ಲ ಔಷಧ, ಆರೈಕೆ ಬೇಡುವ ಸಂಗತಿಗಳು. ಬೈಗುಳದಿಂದ ಥೈರಾಯ್ಡ್ ಸರಿಹೋದದ್ದನ್ನು ನಾನಂತೂ ಕಂಡಿಲ್ಲ.

ಇಷ್ಟು ತಿಳಿದ ಮೇಲೆ ಮನಸ್ಸು ಹಗುರಾಗಬೇಕಲ್ಲ? ಆಗುವುದಿಲ್ಲ. ಇಲ್ಲೇ ನನಗೆ ಯೋಚನೆ ಹತ್ತಿದ್ದು. ‘ನಿನ್ನ ತಪ್ಪಲ್ಲ’ ಎಂದು ಡಾಕ್ಟರು ಹೇಳಿದಾಗ ಎಷ್ಟೋ ಹೆಂಗಸರು ಸಮಾಧಾನಪಡುವ ಬದಲು ಇನ್ನಷ್ಟು ಕಂಗೆಡುತ್ತಾರೆ. ‘ಏನೋ ಇರ್ಬೇಕು ಮೇಡಂ, ಸರಿಯಾಗಿ ನೋಡಿ’ ಎನ್ನುತ್ತಾರೆ. ಯಾಕೆ ಹೀಗೆ?

ನನಗೆ ತೋಚುವುದು ಇಷ್ಟು. ತಪ್ಪು ನನ್ನದು ಎಂದಾದರೆ, ಸಂಗತಿ ನನ್ನ ಕೈಯಲ್ಲಿತ್ತು ಎಂದಾಯಿತು. ಮುಂದಿನ ಸಲ ಪರಂಗಿ ಹಣ್ಣು ಮುಟ್ಟದಿದ್ದರೆ, ಹಾಸಿಗೆ ಬಿಟ್ಟು ಏಳದಿದ್ದರೆ ಮಗು ಉಳಿದೀತು ಎಂಬ ಭರವಸೆ ಅದರಲ್ಲಿದೆ. ತಪ್ಪು ಯಾರದ್ದೂ ಅಲ್ಲ ಎಂದಾದರೆ, ಅದು ಯಾರ ಕೈಯಲ್ಲೂ ಇರಲಿಲ್ಲ ಎಂದಾಯಿತು. ಮುಂದಿನ ಸಲವೂ ಇರಲಾರದು. ಈ ಎರಡರಲ್ಲಿ ಯಾವುದು ಹೆಚ್ಚು ಭಯ? ಅಪರಾಧಿಯಾಗಿ ಬದುಕುವುದಕ್ಕಿಂತ ಅಸಹಾಯಕಳಾಗಿ ಬದುಕುವುದು ಕಷ್ಟ. ಅದಕ್ಕೇ ಮನಸ್ಸು ತಾನಾಗಿ ಹೋಗಿ ಕಟಕಟೆಯಲ್ಲಿ ನಿಲ್ಲುತ್ತದೆ.

ಕೇಳುವವರ ಪ್ರಶ್ನೆಯ ಬುಡವೂ ಇದೇ. ‘ಏನ್ ಮಾಡ್ಕೊಂಡ್ಲಂತೆ?’ ಎನ್ನುವಾಗ ಅವರು ನಮ್ಮ ಬಗ್ಗೆ ಕೇಳುತ್ತಿರುವುದಿಲ್ಲ. ‘ನನ್ನ ಮಗಳಿಗೆ, ನನ್ನ ಸೊಸೆಗೆ ಹೀಗಾಗದಿರಲು ಏನು ಮಾಡಬೇಕು?’ ಎಂದು ಕೇಳುತ್ತಿರುತ್ತಾರೆ. ನಮ್ಮ ತಪ್ಪು ಸಿಕ್ಕರೆ ಅವರ ಮನೆ ಕ್ಷೇಮ. ಇದು ಅರ್ಥವಾದ ಮೇಲೆ ನನಗೆ ಆ ಪ್ರಶ್ನೆ ಕೇಳಿದವರ ಮೇಲಿದ್ದ ಸಿಟ್ಟು ಬಹಳ ಮಟ್ಟಿಗೆ ಇಳಿಯಿತು. ಆದರೆ ಒಬ್ಬರ ನೆಮ್ಮದಿಗೆ ಇನ್ನೊಬ್ಬಳನ್ನು ತಪ್ಪಿತಸ್ಥೆ ಮಾಡುವುದು ನ್ಯಾಯವೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

‘ಪಡ್ಕೊಂಡು ಬಂದದ್ದು ಅಷ್ಟೇ’, ‘ಅವಳ ಕರ್ಮ’ ಎಂಬ ಮಾತನ್ನೂ ನಾವು ಇಲ್ಲಿ ತರುತ್ತೇವೆ. ಈ ಮಾತನ್ನು ನಾನು ತೀರ ಹಳಿಯಲಾರೆ. ನನ್ನಜ್ಜಿ ತನ್ನ ಕಷ್ಟಗಳಿಗೆಲ್ಲ ಅದನ್ನೇ ಹೇಳಿಕೊಂಡು ತಲೆ ಎತ್ತಿ ಬಾಳಿದವಳು. ನೊಂದವಳು ತನ್ನ ಬಗ್ಗೆ ಆಡಿಕೊಂಡಾಗ ಅದು ಊರುಗೋಲು. ನೋಡಲು ಬಂದವರು ಅವಳ ಬಗ್ಗೆ ಆಡಿದರೆ ಅದೇ ಕೋಲು ಬೆನ್ನಿಗೆ ಬೀಳುತ್ತದೆ.

ಇದೇ ತಾಲ್ಲೂಕಿನಲ್ಲಿ ಘಾಟಿ ಸುಬ್ರಹ್ಮಣ್ಯ ಇದೆ. ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ನರಸಿಂಹ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ಅಲ್ಲಿಗೆ ಹೋದವರು ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ಮರೆಯಲಾರರು. ಮಕ್ಕಳಾಗಲೆಂದು, ಆದ ಬಸಿರು ನಿಲ್ಲಲೆಂದು ಗಂಡ ಹೆಂಡತಿ ಬಂದು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಅವು. ನಾಗದೋಷವೆಂದರೆ ಹಿಂದಿನ ತಲೆಮಾರಿನವರು ಯಾರೋ ಹಾವು ಕೊಂದಿರಬೇಕು ಎಂಬ ನಂಬಿಕೆ. ಇಲ್ಲೂ ತಪ್ಪು ಹುಡುಕುವುದೇ ಆಯಿತಲ್ಲ ಎಂದು ಮೊದಲು ನನಗನಿಸುತ್ತಿತ್ತು. ಆಮೇಲೆ ಆ ಕಲ್ಲುಗಳ ನಡುವೆ ನಿಂತು ನೋಡಿದಾಗ ಬೇರೆಯೂ ಕಂಡಿತು. ತಪ್ಪನ್ನು ಈ ನಂಬಿಕೆ ಹೆಂಗಸಿನ ಮೈಯಿಂದ ತೆಗೆದು, ಹೆಸರು ಗೊತ್ತಿಲ್ಲದ ಯಾವ ಹಿರಿಯನ ಮೇಲೋ ಹಾಕಿಬಿಡುತ್ತದೆ. ಗಂಡನೂ ಮಡಿಯುಟ್ಟು ಪಕ್ಕದಲ್ಲಿ ಕೂರಬೇಕು. ಮನೆಯೊಳಗೆ ಪಿಸುಮಾತಾಗಿದ್ದ ದುಃಖ ಅಲ್ಲಿ ಬಿಸಿಲಿಗೆ, ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಪಕ್ಕದ ಕಲ್ಲಿಗೆ ಅರಿಸಿನ ಹಚ್ಚುತ್ತಿರುವ ಗುರುತಿಲ್ಲದ ಹೆಂಗಸಿಗೂ ಇದೇ ಆಗಿದೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಆದರೆ ಆ ಕಲ್ಲುಗಳೆಲ್ಲ ಮುಂದೆ ಬರಬೇಕಾದ ಮಗುವಿಗಾಗಿ. ಹೋದದ್ದಕ್ಕೆ ಅಲ್ಲಿ ಕಲ್ಲಿಲ್ಲ. ಜಪಾನಿನಲ್ಲಿ ಹೋದದ್ದಕ್ಕೇ ಕಲ್ಲಿಡುತ್ತಾರೆ. ಹುಟ್ಟದೆ ಹೋದ ಮಗುವನ್ನು ಅವರು ‘ಮಿಜುಕೊ’, ನೀರಿನ ಮಗು, ಎನ್ನುತ್ತಾರೆ. ಮಕ್ಕಳನ್ನು ಕಾಯುವ ಜಿಜೋ ಎಂಬ ಬೋಧಿಸತ್ವನ ಪುಟ್ಟ ವಿಗ್ರಹಕ್ಕೆ ಕೆಂಪು ಬಟ್ಟೆಯ ಕೊರಳ ಚೌಕ ಕಟ್ಟಿ, ಕುಲಾವಿ ಹಾಕಿ, ಆಟದ ಗಿರಗಟ್ಟಲೆ ಇಟ್ಟು ಬರುತ್ತಾರೆ. 1970ರ ದಶಕದಿಂದೀಚೆಗೆ ಈ ಆಚರಣೆ ಬಹಳ ಹಬ್ಬಿತು. ಅತೃಪ್ತ ಶಿಶುವಿನ ಶಾಪ ತಟ್ಟೀತೆಂದು ಹೆದರಿಸಿ ದುಡ್ಡು ಕಿತ್ತ ಗುಡಿಗಳೂ ಇವೆಯೆಂದು ಅಲ್ಲಿನವರೇ ಟೀಕಿಸಿದ್ದಾರೆ. ಹೆಂಗಸಿನ ದುಃಖವಿದ್ದಲ್ಲಿ ವ್ಯಾಪಾರ ಹುಟ್ಟಿಕೊಳ್ಳುವುದು ಎಲ್ಲ ದೇಶದಲ್ಲೂ ಒಂದೇ. ಆದರೂ, ಹೋದದ್ದರ ಎದುರು ಒಂದು ಗಳಿಗೆ ನಿಲ್ಲಲು ಒಂದು ಜಾಗ ಇರುವುದು ಎಷ್ಟು ದೊಡ್ಡದು!

ನಿಲ್ಲಲು ಜಾಗ ಬೇಕು, ನಿಲ್ಲಲು ಹೊತ್ತೂ ಬೇಕು. ಎಷ್ಟು ಹೊತ್ತು? ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಗರ್ಭಸ್ರಾವವಾದರೆ ಎಷ್ಟು ತಿಂಗಳಾಗಿತ್ತೋ ಅಷ್ಟು ರಾತ್ರಿ ಸೂತಕ ಎಂದಿದೆ. ಮೂರು ತಿಂಗಳಿಗೆ ಮೂರು ರಾತ್ರಿ. ಮೈಲಿಗೆಯ ಲೆಕ್ಕದಲ್ಲಾದರೂ ಆ ಮೂರು ರಾತ್ರಿ ಅವಳನ್ನು ಕೆಲಸದಿಂದ ಬಿಟ್ಟಿದ್ದರು. ನಮ್ಮ ದೇಶದ 1961ರ ಹೆರಿಗೆ ಸೌಲಭ್ಯ ಕಾಯ್ದೆ ಗರ್ಭಸ್ರಾವವಾದ ಮರುದಿನದಿಂದ ಆರು ವಾರ ಸಂಬಳದ ರಜೆ ಕೊಟ್ಟಿತು. ಡಾಕ್ಟರ ಪ್ರಮಾಣಪತ್ರ ಕೊಟ್ಟರಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಆರು ವಾರ ಉಳಿದುಕೊಂಡಿದೆ. ನೌಕರಿಯಲ್ಲಿರುವ ಎಷ್ಟೋ ಹೆಂಗಸರಿಗೇ ಇದು ಗೊತ್ತಿಲ್ಲ. ಜ್ವರ, ಹೊಟ್ಟೆನೋವು ಎಂದು ಸುಳ್ಳು ಬರೆದು ಎರಡು ದಿನ ರಜೆ ಹಾಕಿ ಮೂರನೆಯ ದಿನ ಬಸ್ಸು ಹತ್ತುತ್ತಾರೆ. ನ್ಯೂಜಿಲೆಂಡಿನ ಸಂಸತ್ತು 2021ರ ಮಾರ್ಚಿಯಲ್ಲಿ ಒಪ್ಪಿದ ಕಾನೂನು ಕೊಡುವುದು ಮೂರೇ ದಿನ. ಆದರೆ ಅದು ಕಾಯಿಲೆಯ ರಜೆಯಲ್ಲ. ಸಾವಿನ ಮನೆಯವರಿಗೆ ಕೊಡುವ ಶೋಕದ ರಜೆ, ಗಂಡನಿಗೂ ಉಂಟು. ಆರು ವಾರ ದೇಹಕ್ಕೆ, ಮೂರು ದಿನ ದುಃಖಕ್ಕೆ. ಎರಡೂ ಬೇಕೆಂದು ನನಗೆ ತೋರುತ್ತದೆ.

ನಮ್ಮ ಹಿಂದಿನ ಬೀದಿಯ ಅಕ್ಕ ಒಬ್ಬರಿಗೆ ಎರಡೂ ಸಿಗಲಿಲ್ಲ. ಮನೆಯೊಳಗೇ ಎರಡು ಮಗ್ಗ. ಗಂಡ ನೇಯುವುದು, ಅವರು ಕಂಡಿಕೆ ಸುತ್ತುವುದು. ಹಾಗೆ ಮನೆಯಲ್ಲೇ ದುಡಿಯುವವಳಿಗೆ ಯಾವ ಕಾಯ್ದೆಯ ಆರು ವಾರ? ಆದ ಮರುದಿನವೇ ಅವರು ಕಂಡಿಕೆಯ ಮುಂದೆ ಕೂತಿದ್ದನ್ನು ಕಂಡೆ. ‘ಮಲಕ್ಕೊಳ್ಳಿ ಅಕ್ಕಾ’ ಎಂದೆ. ‘ಮಲಗಿದ್ರೆ ಯೋಚ್ನೆ ಬರುತ್ತೆ ಕಣಮ್ಮ, ಮಗ್ಗದ ಸದ್ದಲ್ಲಿ ಅತ್ರೂ ಯಾರಿಗೂ ಕೇಳ್ಸಲ್ಲ’ ಎಂದರು. ಅವರಿಗೆ ಅದು ಮೂರನೆಯದು.

ಇಷ್ಟು ಹೊತ್ತು ಯಾರ ತಪ್ಪೂ ಅಲ್ಲ ಎಂದೆ. ಹಾಗಾದರೆ ಈ ವಿಷಯದಲ್ಲಿ ತಪ್ಪೆಂಬುದೇ ಇಲ್ಲವೇ? ಇದೆ. ಅದು ಎಲ್ಲಿದೆ ಎಂದು ತಿಳಿಯಲು ನಮ್ಮ ಬೆಳಗಾವಿಯ ಹೆಣ್ಣುಮಗಳೊಬ್ಬಳ ಕತೆ ನೆನೆಯಬೇಕು.

ಸವಿತಾ ಹಾಲಪ್ಪನವರ ದಂತವೈದ್ಯೆ. ತವರು ಬೆಳಗಾವಿ, ಗಂಡನೊಡನೆ ಐರ್ಲೆಂಡಿನ ಗಾಲ್ವೇಯಲ್ಲಿದ್ದಳು. ವಯಸ್ಸು 31. ಹದಿನೇಳು ವಾರದ ಬಸುರಿ ಬೆನ್ನುನೋವೆಂದು 2012ರ ಅಕ್ಟೋಬರ್ 21ರಂದು ಆಸ್ಪತ್ರೆಗೆ ಹೋದಳು. ಬಸಿರು ಉಳಿಯುವುದಿಲ್ಲವೆಂದು ವೈದ್ಯರಿಗೇ ಸ್ಪಷ್ಟವಾಯಿತು. ಹಾಗಿದ್ದರೆ ತೆಗೆದುಬಿಡಿ ಎಂದು ಅವಳು ಕೇಳಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ಇದೆ, ಈ ದೇಶದ ಕಾನೂನು ಒಪ್ಪುವುದಿಲ್ಲ ಎಂದರು. ಕಾದರು. ಅಷ್ಟರಲ್ಲಿ ಸೋಂಕು ರಕ್ತಕ್ಕೇರಿತು. ಅಕ್ಟೋಬರ್ 28ರಂದು ಅವಳು ತೀರಿಕೊಂಡಳು. ಮರುವರ್ಷ ಬಂದ ತನಿಖಾ ವರದಿ, ಎದೆಬಡಿತ ನಿಲ್ಲುವವರೆಗೆ ಕಾಯುವುದಕ್ಕೆ ಕೊಟ್ಟ ಮಹತ್ವವನ್ನು ತಾಯಿಯ ಸೋಂಕಿನ ಮೇಲೆ ನಿಗಾ ಇಡುವುದಕ್ಕೆ ಕೊಡಲಿಲ್ಲ ಎಂದಿತು. 2018ರ ಮೇ 25ರಂದು ಐರ್ಲೆಂಡಿನ ಜನ ಮತ ಹಾಕಿದರು, ಶೇಕಡಾ 66.4ರಷ್ಟು ಮಂದಿ ಸಂವಿಧಾನದ ಆ ನಿರ್ಬಂಧ ಬೇಡವೆಂದರು. ಬೆಳಗಾವಿಯಲ್ಲಿ ಮಗಳನ್ನು ಕಳೆದುಕೊಂಡ ತಂದೆತಾಯಿ ಆ ಮತದಾನಕ್ಕೆ ಮೊದಲು ಬದಲಾವಣೆಯ ಪರವಾಗಿ ಮತ ಹಾಕಿರೆಂದು ಬೇಡಿಕೊಂಡಿದ್ದರು.

ಸವಿತಾಳ ಬಸಿರು ಉಳಿಯದೆ ಹೋದದ್ದು ಯಾರ ತಪ್ಪೂ ಅಲ್ಲ. ಸವಿತಾ ಉಳಿಯದೆ ಹೋದದ್ದು ಹಾಗಲ್ಲ. ಇವೆರಡನ್ನೂ ನಾವು ಬೇರೆ ಬೇರೆಯಾಗಿ ನೋಡಬೇಕು. ಹೋಗುವುದನ್ನು ತಡೆಯುವುದು ಬಹಳ ಸಲ ಯಾರ ಕೈಯಲ್ಲೂ ಇರುವುದಿಲ್ಲ. ಉಳಿದವಳನ್ನು ನೋಡಿಕೊಳ್ಳುವುದು ಇರುತ್ತದೆ. ತಪ್ಪು ಒಪ್ಪುಗಳ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ. ನಾವು ಅದನ್ನು ತಿರುಗುಮುರುಗು ಮಾಡಿದ್ದೇವೆ. ಬಸಿರು ಹೋದದ್ದಕ್ಕೆ ಹೆಂಗಸನ್ನು ವಿಚಾರಿಸುತ್ತೇವೆ. ಜ್ವರ ಬಂದ ಹೆಂಗಸನ್ನು ಆಸ್ಪತ್ರೆಗೆ ಒಯ್ಯದೆ ‘ಹಣೆಬರಹ’ ಎನ್ನುತ್ತೇವೆ.

ಆದ್ದರಿಂದ ಒಂದೆರಡು ಮಾತು ನೇರವಾಗಿ. ಗರ್ಭಸ್ರಾವದ ನಂತರ ವಾರ ಹತ್ತು ದಿನ, ಹೆಚ್ಚೆಂದರೆ ಎರಡು ವಾರ, ಕಡಿಮೆಯಾಗುತ್ತ ಹೋಗುವ ರಕ್ತಸ್ರಾವ ಸಹಜ. ಆದರೆ ಜ್ವರ, ಚಳಿ, ದುರ್ವಾಸನೆಯ ಸ್ರಾವ, ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ, ತಲೆಸುತ್ತು, ತಾಳಲಾರದ ನೋವು ಇವುಗಳಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಹೋಗಬೇಕು. ಹೆಂಗಸಿನ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ಡಾಕ್ಟರನ್ನು ಕೇಳಬೇಕು. ನಾಲ್ಕರಿಂದ ಎಂಟು ವಾರದೊಳಗೆ ಮುಟ್ಟು ಮರಳುತ್ತದೆ. ನಾಲ್ಕೈದು ತಿಂಗಳಾದ ಮೇಲೆ ಹೋದರೆ ಎದೆಯಲ್ಲಿ ಹಾಲು ಬರುವುದುಂಟು. ಕುಡಿಯುವ ಬಾಯಿಲ್ಲದ ಆ ಹಾಲಿನ ನೋವನ್ನು ಅನುಭವಿಸಿದವರೇ ಬಲ್ಲರು. ಹಾಗಾಗಬಹುದೆಂದು ಮೊದಲೇ ಹೇಳಿದ್ದರೆ ಗಾಬರಿಯಾದರೂ ತಪ್ಪುತ್ತದೆ. ಒಂದು ಸಲ ಹೋದ ಬಹುಪಾಲು ಹೆಂಗಸರಿಗೆ ಮುಂದಿನದು ಸರಿಯಾಗಿಯೇ ನಿಲ್ಲುತ್ತದೆ. ಎರಡು ಮೂರು ಸಲ ಹೋದರೆ ಗಂಡಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ನಮ್ಮ ಹಿಂದಿನ ಬೀದಿಯ ಅಕ್ಕನಿಗೆ ಈ ಮಾತನ್ನು ಮೊದಲ ಬಾರಿ ಯಾರೂ ಹೇಳಿರಲಿಲ್ಲ, ಎರಡನೆಯ ಬಾರಿಯೂ ಹೇಳಿರಲಿಲ್ಲ.

ಮೈಯಾದರೋ ತಿಂಗಳೊಪ್ಪತ್ತಿಗೆ ಸುಧಾರಿಸುತ್ತದೆ. ಮನಸ್ಸಿಗೆ ಅಂಥ ಕ್ಯಾಲೆಂಡರ್ ಇಲ್ಲ. ಎಣಿಸಿಟ್ಟಿದ್ದ ಹೆರಿಗೆಯ ದಿನ ಬಂದಾಗ, ಜೊತೆಗೆ ಬಸುರಾದವಳ ಸೀಮಂತಕ್ಕೆ ಕರೆದಾಗ, ಬಸ್ಸಿನಲ್ಲಿ ಯಾರದೋ ಕೂಸು ಸೆರಗು ಹಿಡಿದಾಗ ಅದು ಮತ್ತೆ ಬರುತ್ತದೆ. ಬರಲಿ. ಅತ್ತರೆ ಮುಂದಿನ ಮಗುವಿಗೆ ಕೆಡುಕೆಂಬುದು ಸುಳ್ಳು. ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋದರೆ, ಬದುಕೇ ಬೇಡವೆನಿಸಿದರೆ ಮಾತ್ರ ಒಬ್ಬಳೇ ಹೊರಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಸುರಿ ಬಾಣಂತಿಯರ ಮನೋವ್ಯಥೆಗೆಂದೇ ವೈದ್ಯರಿದ್ದಾರೆ; ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ಪದ್ಧತಿಯ ಬಗ್ಗೆಯೂ ನನಗೊಂದು ತಕರಾರಿದೆ. ಅದರ ಹಿಂದೆ ಕಾಳಜಿಯಿದೆ, ಒಪ್ಪುತ್ತೇನೆ. ಆದರೆ ಬಂದದ್ದನ್ನೇ ಯಾರಿಗೂ ಹೇಳದಿದ್ದ ಮೇಲೆ ಹೋದದ್ದನ್ನು ಯಾರಿಗೆ ಹೇಳುವುದು? ಸಂತೋಷದ ಗುಟ್ಟು ಒಂದೇ ದಿನದಲ್ಲಿ ದುಃಖದ ಗುಟ್ಟಾಗುತ್ತದೆ. ಹೇಳುವುದೋ ಬಿಡುವುದೋ ಅವಳಿಷ್ಟ. ಕಷ್ಟ ಬಂದರೆ ಹೆಗಲು ಕೊಡಬಲ್ಲ ಒಬ್ಬಿಬ್ಬರಿಗಾದರೂ ಗೊತ್ತಿರಲಿ ಎನ್ನುತ್ತೇನೆ.

ಗಂಡಸರ ಮಾತನ್ನೂ ಆಡಬೇಕು. ಆ ದಿನ ನಮ್ಮ ಯಜಮಾನರು ಔಷಧಿ ಅಂಗಡಿಗೆ, ಬಿಲ್ಲಿನ ಕೌಂಟರಿಗೆ, ಆಟೋ ಕರೆಯುವುದಕ್ಕೆ ಓಡಾಡುತ್ತಲೇ ಇದ್ದರು. ಎಲ್ಲರೂ ಅವರನ್ನು ಕೇಳಿದ್ದು ‘ಅವಳು ಹೇಗಿದ್ದಾಳಪ್ಪ?’ ಎಂದು. ‘ನೀನು ಹೇಗಿದ್ದೀಯಪ್ಪ?’ ಎಂದು ಒಬ್ಬರೂ ಕೇಳಲಿಲ್ಲ. ಎಷ್ಟೋ ತಿಂಗಳ ನಂತರ ಅವರ ಹಳೆಯ ಡೈರಿಯ ಹಾಳೆಯಲ್ಲಿ ನಾಲ್ಕು ಹೆಸರು ಬರೆದಿಟ್ಟಿದ್ದು ನನ್ನ ಕಣ್ಣಿಗೆ ಬಿತ್ತು. ಎರಡು ಗಂಡು ಹೆಸರು, ಎರಡು ಹೆಣ್ಣು. ನಾನು ಏನೂ ಕೇಳಲಿಲ್ಲ, ಹಾಳೆಯನ್ನು ಹಾಗೇ ಮುಚ್ಚಿಟ್ಟೆ. ಆಮೇಲೆ ಒಂದು ದಿನ ಅವರೇ ಹೇಳಿದರು.

ನಮ್ಮತ್ತೆ ಮಾತು ಕಡಿಮೆ. ಬಂದವರೆಲ್ಲ ಕಾರಣ ಹುಡುಕುತ್ತಿದ್ದಾಗ ಅವರು ಬಾಯಿ ಬಿಟ್ಟಿರಲಿಲ್ಲ. ಆ ಮೌನವನ್ನು ಅಸಮಾಧಾನವೆಂದು ತಿಳಿದವರೂ ಇದ್ದರು. ಭಾದ್ರಪದದಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ಮಾವನವರಿಗೆ, ಅವರ ತಂದೆತಾಯಿಗೆ ಎಲೆ ಹಾಕಿ ವಡೆ, ಪಾಯಸ, ಕಜ್ಜಾಯ ಎಲ್ಲ ಬಡಿಸಿಯಾಯಿತು. ಆಮೇಲೆ ಅತ್ತೆ ಬಾಳೆಲೆಯ ತುದಿಯೊಂದನ್ನು ಕತ್ತರಿಸಿ, ಪಕ್ಕದಲ್ಲಿ ಹಾಸಿ, ಅದರ ಮೇಲೆ ಒಂದು ಚಮಚ ಪಾಯಸ, ಒಂದು ಚೂರು ಬೆಲ್ಲ ಇಟ್ಟರು. ಹುಟ್ಟದ ಮಗುವಿಗೆ ಶ್ರಾದ್ಧವಿಲ್ಲ, ಎಡೆಯಿಲ್ಲ. ಶಾಸ್ತ್ರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ನೋಡುತ್ತಾ ನಿಂತೆ. ಅವರು ತಲೆ ಎತ್ತದೆ, ‘ಅದೂ ನಮ್ಮನೇದೇ ಅಲ್ವೇನಮ್ಮ’ ಎಂದರು.

ಎರಡು ವರ್ಷ ಕಳೆದು ನನಗೆ ಮಗಳು ಹುಟ್ಟಿದಳು. ‘ನೋಡು, ದೇವರು ಕಣ್ಣು ಬಿಟ್ಟ, ಹಳೇದೆಲ್ಲ ಮರೀಬೇಕು’ ಎಂದರು. ಮಗಳು ಬಂದದ್ದು ತನ್ನ ಪಾಡಿಗೆ, ಯಾರ ಬದಲಿಗೂ ಅಲ್ಲ. ಒಂದು ಮಗುವಿನ ಮೇಲೆ ಇನ್ನೊಂದು ಮಗುವಿನ ಸಾಲ ಹೊರಿಸುವುದು ಅವಳಿಗೂ ಅನ್ಯಾಯ. ಮರೆತರಷ್ಟೇ ಗುಣವಾದಂತೆ ಎಂದು ಯಾರು ಹೇಳಿದರು? ನೆನಪಾದಾಗ ಕೈ ಕೆಲಸ ನಿಲ್ಲದಿದ್ದರೆ ಸಾಕು. ನಿಂತರೂ ಒಂದು ಗಳಿಗೆ ನಿಂತು ಮುಂದುವರಿದರೆ ಸಾಕು. ನನ್ನ ಮಟ್ಟಿಗೆ ಗುಣವಾಗುವುದೆಂದರೆ ಇಷ್ಟೇ.

ಇದನ್ನು ಓದುವವರಲ್ಲಿ ಕೆಲವರು ಈ ನೋವು ಉಂಡವರಿರಬಹುದು. ಹೆಚ್ಚಿನವರು ಎಂದಾದರೊಂದು ದಿನ ಉಂಡವಳೊಬ್ಬಳ ಮನೆ ಬಾಗಿಲು ತಟ್ಟುವವರು. ಒಳಗೆ ಹೋಗುವ ಮೊದಲು ಏನು ಹೇಳಲಿ ಎಂದು ತೋಚದೆ ಹೊಸ್ತಿಲಲ್ಲಿ ನಿಂತಾಗ, ‘ಇನ್ನೂ ಚಿಕ್ಕ ವಯಸ್ಸು, ಮತ್ತೆ ಆಗುತ್ತೆ ಬಿಡು’ ಎಂಬುದನ್ನು ನುಂಗಿಕೊಳ್ಳೋಣ. ‘ಏನ್ ಮಾಡ್ಕೊಂಡೆ?’ ಎಂಬುದನ್ನಂತೂ ಚಪ್ಪಲಿಯ ಜೊತೆ ಹೊರಗೇ ಬಿಡೋಣ. ‘ಊಟ ಮಾಡಿದ್ಯೇನಮ್ಮ?’ ಎಂದು ಕೇಳಿ, ಮಾಡಿಲ್ಲವಾದರೆ ಒಲೆ ಹಚ್ಚಿ ಒಂದು ಲೋಟ ಗಂಜಿ ಕಾಯಿಸಿ ಕೊಡೋಣ. ಅವಳು ಹೇಳಿದರೆ ಕೇಳೋಣ, ಹೇಳದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂರೋಣ. ಯಾರ ತಪ್ಪೂ ಅಲ್ಲ ಎಂಬ ಮಾತು ನಂಬಿಕೆಯಾಗಲು ಬಹಳ ದಿನ ಬೇಕು. ಅಷ್ಟು ದಿನ ಯಾರಾದರೂ ಹತ್ತಿರ ಇರಬೇಕು.